ಮನೆಯ ಯಜಮಾನರನ್ನು ಕೇಳಿದರೆ ಸಾಲದು: ಬಡಾವಣೆಯ ಕುಟುಂಬಗಳ ಬಗ್ಗೆ ಸಣ್ಣ ಅಧ್ಯಯನ ಮಾಡುವುದು ಹೇಗೆ?

ಸಮಾಜಶಾಸ್ತ್ರ ಓದುತ್ತಿರುವವರು, ಸಮಾಜಕಾರ್ಯದ ವಿದ್ಯಾರ್ಥಿಗಳು, ಸಂಘಸಂಸ್ಥೆಗಳಲ್ಲಿ ದುಡಿಯುವವರು, ಎಲ್ಲರಿಂದಲೂ ಒಂದೇ ಕೋರಿಕೆ ಬರುತ್ತಿರುತ್ತದೆ. "ಒಂದು ಬಡಾವಣೆಯ ಬಡತನ, ಹೆಂಗಸರ ಸ್ಥಿತಿಗತಿ ಬಗ್ಗೆ ಅಧ್ಯಯನ ಮಾಡಬೇಕು, ಪ್ರಶ್ನಾವಳಿ ಇದ್ದರೆ ಕಳಿಸಿ" ಅಂತ. ಕಳಿಸಬಹುದು. ಆದರೆ ಬೇರೆಯವರ ಪ್ರಶ್ನಾವಳಿ ಹಿಡಿದು ಹೋದರೆ ಬೇರೆಯವರ ಪ್ರಶ್ನೆಗೆ ಉತ್ತರ ಸಿಗುತ್ತದೆ, ನಿಮ್ಮದಕ್ಕಲ್ಲ. ಪ್ರಶ್ನಾವಳಿ ಬರೆಯುವ ಹೊತ್ತಿಗೆ ಅರ್ಧ ಕೆಲಸ ಮುಗಿದಿರಬೇಕು. ಅದಕ್ಕೇ ಈ ಲೇಖನ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಇಂಥ ಅಧ್ಯಯನಗಳು ಹೆಚ್ಚಾಗಿ ಕೆಡುವುದು ಮನೆಯನ್ನು ಒಬ್ಬ ಮನುಷ್ಯನಂತೆ ನೋಡುವುದರಿಂದ. ಬಾಗಿಲು ತಟ್ಟುತ್ತೇವೆ, ಯಜಮಾನರು ಬರುತ್ತಾರೆ, ಆದಾಯ ಎಷ್ಟು, ಖರ್ಚು ಎಷ್ಟು ಅಂತ ಬರೆದುಕೊಳ್ಳುತ್ತೇವೆ, ಆ ಮನೆ ಮುಗಿಯಿತು. ಆದರೆ ಒಂದೇ ಸೂರಿನ ಕೆಳಗೆ ದುಡ್ಡು, ಊಟ, ವಿಶ್ರಾಂತಿ, ಔಷಧಿ ಎಲ್ಲರಿಗೂ ಒಂದೇ ಥರ ಹಂಚಿಕೆಯಾಗುವುದಿಲ್ಲ. ಬಡವಲ್ಲದ ಮನೆಯಲ್ಲೂ ಒಬ್ಬರು ಬಡವರಾಗಿರಬಹುದು. ಕೆಳಗಿನ ಪ್ರತಿ ಹಂತದಲ್ಲೂ ಇದು ನಿಮಗೆ ನೆನಪಿರಲಿ.

ಬೇಕಾಗುವುದು ಹೆಚ್ಚೇನಿಲ್ಲ. ಬಡಾವಣೆಯ ಒಂದು ನಕ್ಷೆ (ಕೈಯಲ್ಲಿ ಬರೆದದ್ದಾದರೂ ಸರಿ), ಇಬ್ಬರು ಮೂವರು ಜೊತೆಗಾರರು, ಅವರಲ್ಲಿ ಹೆಂಗಸರು ಇರಲೇಬೇಕು, ಫಾರಂಗಳು, ಟಿಪ್ಪಣಿ ಪುಸ್ತಕ, ಕಾಲೇಜು ಅಥವಾ ಸಂಸ್ಥೆಯ ಅನುಮತಿ. ಇದೆಲ್ಲಕ್ಕಿಂತ ಜಾಸ್ತಿ ಬೇಕಾಗಿದ್ದು ಸಮಯ. ಒಂದು ವಾರದಲ್ಲಿ ಮುಗಿಸಬೇಕು ಅಂತಿದ್ದರೆ ಪ್ರಶ್ನೆಯನ್ನೂ ಅಷ್ಟೇ ಚಿಕ್ಕದು ಮಾಡಿಕೊಳ್ಳಿ.

1. ಪ್ರಶ್ನೆಯನ್ನು ಚಿಕ್ಕದು ಮಾಡಿ

"ಬಡತನ ಮತ್ತು ಮಹಿಳೆ" ಅನ್ನುವುದು ವಿಷಯ, ಪ್ರಶ್ನೆಯಲ್ಲ. ಪ್ರಶ್ನೆ ಹೀಗಿರಬೇಕು: "ಈ ಬಡಾವಣೆಯಲ್ಲಿ ಹೊರಗೆ ದುಡಿಯುವ ಹೆಂಗಸರು ತಮ್ಮ ಸಂಪಾದನೆಯಲ್ಲಿ ಎಷ್ಟನ್ನು ತಾವೇ ಖರ್ಚು ಮಾಡಬಲ್ಲರು?" ಯಾರು, ಏನು, ಎಲ್ಲಿ, ಈ ಮೂರೂ ಅದರಲ್ಲಿವೆ.

ಪ್ರಶ್ನೆಯ ಜಾತಿಯನ್ನೂ ಗುರುತಿಸಿಕೊಳ್ಳಿ. "ಎಷ್ಟು ಮನೆಗಳಲ್ಲಿ ಹೀಗಿದೆ" ಅನ್ನುವುದು ವಿವರಣೆಯ ಪ್ರಶ್ನೆ. "ಯಾಕೆ ಹೀಗಾಯಿತು" ಅನ್ನುವುದು ಕಾರಣದ ಪ್ರಶ್ನೆ. ಒಂದು ಸಲ ಹೋಗಿ ಬರುವ ಸಮೀಕ್ಷೆ ಮೊದಲನೆಯದಕ್ಕೆ ಚೆನ್ನಾಗಿ ಉತ್ತರಿಸುತ್ತದೆ, ಎರಡನೆಯದಕ್ಕೆ ಬಹುತೇಕ ಉತ್ತರಿಸುವುದೇ ಇಲ್ಲ. ದುಡಿಯುವ ಹೆಂಗಸರಿಗೆ ಮನೆಯಲ್ಲಿ ಮಾತು ಜಾಸ್ತಿ ನಡೆಯುತ್ತದೆ ಅಂತ ಕಂಡುಬಂತು ಅನ್ನಿ. ದುಡಿದದ್ದರಿಂದ ಮಾತು ನಡೆಯಿತೋ, ಮಾತು ನಡೆಯುವ ಮನೆಯಾದ್ದರಿಂದ ದುಡಿಯಲು ಬಿಟ್ಟರೋ? ನಿಮ್ಮ ಫಾರಂ ನೋಡಿ ಹೇಳಲಾಗುವುದಿಲ್ಲ. ವಿವರಣೆಯ ಅಧ್ಯಯನ ಕೀಳು ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಇರುವುದನ್ನು ಸರಿಯಾಗಿ ಎಣಿಸಿದವರೇ ಕಡಿಮೆ.

2. ಪದಗಳಿಗೆ ಅಳತೆ ಕೊಡಿ

ಕುಟುಂಬ ಬೇರೆ, ಮನೆ ಬೇರೆ. ರಕ್ತಸಂಬಂಧ, ಮದುವೆಯಿಂದ ಕೂಡಿದವರು ಕುಟುಂಬ. ಸಮೀಕ್ಷೆಗಳಲ್ಲಿ "ಮನೆ" ಅಂದರೆ ಸಾಮಾನ್ಯವಾಗಿ ಒಂದೇ ಅಡುಗೆಯಲ್ಲಿ ಉಣ್ಣುವವರು. ಬೇರೆ ಊರಲ್ಲಿ ದುಡಿದು ದುಡ್ಡು ಕಳಿಸುವ ಮಗ ಕುಟುಂಬದಲ್ಲಿದ್ದಾನೆ, ಈ ಲೆಕ್ಕದ ಮನೆಯಲ್ಲಿಲ್ಲ. ಇಂಥವರನ್ನು ಸೇರಿಸುತ್ತೀರೋ ಇಲ್ಲವೋ ಅಂತ ಮೊದಲೇ ಬರೆದಿಟ್ಟುಕೊಳ್ಳಿ. ಇಲ್ಲದಿದ್ದರೆ ಒಬ್ಬ ಜೊತೆಗಾರ ಸೇರಿಸುತ್ತಾನೆ, ಇನ್ನೊಬ್ಬಳು ಬಿಡುತ್ತಾಳೆ, ಕೊನೆಗೆ ಲೆಕ್ಕ ಕೂಡುವುದಿಲ್ಲ.

ಬಡಾವಣೆಯ ಗಡಿಯೂ ಹಾಗೇ. ಆಡಳಿತದ ವಾರ್ಡ್ ಗಡಿ ಒಂದು, ಅಲ್ಲಿನವರು "ನಮ್ಮ ಕಡೆ" ಅನ್ನುವುದು ಇನ್ನೊಂದು. ನಾಲ್ಕು ಜನರ ಕೈಯಲ್ಲಿ ನಕ್ಷೆ ಬರೆಸಿ ನೋಡಿ. ಗಂಡಸರು ಬರೆದ ನಕ್ಷೆಗೂ ಹೆಂಗಸರು ಬರೆದದ್ದಕ್ಕೂ ವ್ಯತ್ಯಾಸ ಕಂಡರೆ ಅದೂ ನಿಮಗೆ ಮಾಹಿತಿಯೇ.

ಬಡತನ ಅಳೆಯುವುದಕ್ಕೆ ಹಲವು ದಾರಿಗಳಿವೆ. ಆದಾಯ ನೋಡಬಹುದು, ಖರ್ಚು ನೋಡಬಹುದು. ಕೂಲಿ, ಸಣ್ಣ ವ್ಯಾಪಾರದವರ ಆದಾಯ ತಿಂಗಳಿಂದ ತಿಂಗಳಿಗೆ ಏರಿಳಿಯುವುದರಿಂದ ಅಲ್ಲಿ ಖರ್ಚು ಕೇಳುವುದು ಜಾಸ್ತಿ ನಂಬಿಕೆಗೆ ಅರ್ಹ. ಮೂರನೆಯದು ಬಹು ಆಯಾಮದ ಬಡತನ, ಅಂದರೆ ದುಡ್ಡಿನ ಬದಲು ಕೊರತೆಗಳನ್ನೇ ಎಣಿಸುವುದು. 2010ರಿಂದ ಪ್ರಕಟವಾಗುತ್ತಿರುವ ಜಾಗತಿಕ ಸೂಚ್ಯಂಕ ಆರೋಗ್ಯ, ಶಿಕ್ಷಣ, ಜೀವನಮಟ್ಟ ಎಂಬ 3 ಆಯಾಮಗಳಲ್ಲಿ 10 ಸೂಚಕಗಳನ್ನು ನೋಡುತ್ತದೆ. ಸಣ್ಣ ಅಧ್ಯಯನಕ್ಕೆ ಇದು ಸುಲಭ, ಯಾಕೆಂದರೆ ನೀರು, ಶೌಚಾಲಯ, ಮಕ್ಕಳ ಶಾಲೆ ಇವನ್ನು ಕೇಳಿದರೆ ಜನ ಮುಚ್ಚಿಡುವುದು ಕಡಿಮೆ.

ಆದಾಯವನ್ನೇ ಹಿಡಿಯುತ್ತೀರಾದರೆ ಸುಮ್ನೆ ತಲೆಗಳಿಂದ ಭಾಗಿಸಬೇಡಿ. ನಾಲ್ಕು ಜನರಿಗೆ ನಾಲ್ಕು ಬಾಡಿಗೆ ಬೇಕಿಲ್ಲ, ಮಗುವಿಗೆ ದೊಡ್ಡವರಷ್ಟು ಖರ್ಚೂ ಇಲ್ಲ. ಅದಕ್ಕೆ ಸಮಾನತಾ ಮಾಪಕ ಅಂತ ಒಂದು ಲೆಕ್ಕವಿದೆ. ಹೆಚ್ಚು ಬಳಕೆಯಲ್ಲಿರುವ ಒಂದು ಮಾಪಕದಲ್ಲಿ ಮನೆಯ ಮೊದಲ ವಯಸ್ಕರಿಗೆ 1, 14 ವರ್ಷ ದಾಟಿದ ಇತರ ಪ್ರತಿಯೊಬ್ಬರಿಗೆ 0.5, ಅದಕ್ಕಿಂತ ಚಿಕ್ಕ ಮಕ್ಕಳಿಗೆ ತಲಾ 0.3. ಗಂಡ, ಹೆಂಡತಿ, ಇಬ್ಬರು ಚಿಕ್ಕ ಮಕ್ಕಳು ಇದ್ದರೆ ಒಟ್ಟು 2.1. ತಿಂಗಳ ಆದಾಯ 21,000 ಆದರೆ ಲೆಕ್ಕಕ್ಕೆ ಸಿಗುವುದು 10,000. ತಲೆಯಿಂದ ಭಾಗಿಸಿದ್ದರೆ 5,250 ಆಗುತ್ತಿತ್ತು. ಅರ್ಧಕ್ಕರ್ಧ ವ್ಯತ್ಯಾಸ, ನೋಡಿ.

ಎಚ್ಚರಿಕೆ: ಎರಡು ಲೆಕ್ಕವೂ ಮನೆಯೊಳಗೆ ಎಲ್ಲರಿಗೂ ನ್ಯಾಯವಾಗಿ ಹಂಚಿಕೆ ಆಗುತ್ತದೆ ಅಂತ ನಂಬಿಕೊಂಡಿವೆ. ನಾವು ಅನುಮಾನಿಸುತ್ತಿರುವುದೇ ಅದನ್ನು ಅಲ್ವಾ? ಹಾಗಾಗಿ ಈ ಸಂಖ್ಯೆ ಮನೆಯ ಬಗ್ಗೆ ಹೇಳುತ್ತದೆ, ಒಳಗಿರುವ ಒಬ್ಬೊಬ್ಬರ ಬಗ್ಗೆ ಹೇಳುವುದಿಲ್ಲ.

3. ಯಾವ ಮನೆ, ಮನೆಯಲ್ಲಿ ಯಾರು

ಇಂಗ್ಲೆಂಡಿನ ಯಾರ್ಕ್ ನಗರದಲ್ಲಿ 1899ರಲ್ಲಿ ಸೀಬೋಮ್ ರೌಂಟ್ರಿ ದುಡಿಯುವ ವರ್ಗದ ಮನೆಗಳನ್ನು ಒಂದೊಂದಾಗಿ ಎಣಿಸಿದರು, 11,560 ಕುಟುಂಬಗಳು. ನಿಮಗೆ ಅದು ಆಗದು, ಬೇಕಾಗಿಯೂ ಇಲ್ಲ. ಮಾದರಿ ತೆಗೆಯಿರಿ, ಅಂದರೆ ಎಲ್ಲ ಮನೆಗಳ ಪರವಾಗಿ ನಿಲ್ಲುವಂಥ ಕೆಲವನ್ನು ಆರಿಸಿ. ಮೊದಲು ನಡೆದುಕೊಂಡು ಹೋಗಿ ಎಲ್ಲ ಮನೆಗಳ ಪಟ್ಟಿ ಮಾಡಿ, ಹಿತ್ತಲಿನ ಶೆಡ್ಡು, ಮಹಡಿಯ ಒಂಟಿ ಕೋಣೆ ಎಲ್ಲ ಸೇರಿ. 400 ಮನೆಗಳಿವೆ, 80 ಬೇಕು ಅಂದರೆ ಐದಕ್ಕೊಂದು. 1ರಿಂದ 5ರೊಳಗೆ ಒಂದು ಚೀಟಿ ಎತ್ತಿ, 3 ಬಂದರೆ 3, 8, 13, 18 ಹೀಗೆ.

ಎಷ್ಟು ಮನೆ ಸಾಕು ಅಂತ ಎಲ್ಲರೂ ಕೇಳುತ್ತಾರೆ. ದೊಡ್ಡ ಬಡಾವಣೆಯಲ್ಲಿ ಸರಿಯಾಗಿ ಆರಿಸಿದ 100 ಮನೆಗಳಲ್ಲಿ "ಶೇ. 50 ಹೌದು ಅಂದರು" ಅಂತ ಬಂದರೆ ನಿಜಸ್ಥಿತಿ ಸುಮಾರು 40ರಿಂದ 60ರ ನಡುವೆ ಎಲ್ಲಾದರೂ ಇರಬಹುದು. 400 ಮನೆ ಮಾಡಿದರೆ ಅದು 45ರಿಂದ 55. ನಾಲ್ಕು ಪಟ್ಟು ಕೆಲಸಕ್ಕೆ ಅರ್ಧದಷ್ಟು ತಪ್ಪು ಕಡಿಮೆ. ನನ್ನ ಕೇಳಿದರೆ, 100 ಮನೆಗಳಲ್ಲಿ ಸರಿಯಾದ ವ್ಯಕ್ತಿಯನ್ನು ಮಾತಾಡಿಸುವುದು 400 ಮನೆಗಳಲ್ಲಿ ಸಿಕ್ಕವರನ್ನು ಮಾತಾಡಿಸುವುದಕ್ಕಿಂತ ಎಷ್ಟೋ ಮೇಲು.

ಆ ಸರಿಯಾದ ವ್ಯಕ್ತಿಯನ್ನು ಆರಿಸುವುದಕ್ಕೂ ದಾರಿ ಇದೆ. ಮನೆಯ ವಯಸ್ಕರ ಪಟ್ಟಿಯಿಂದ ಒಬ್ಬರನ್ನು ಕೋಷ್ಟಕದ ಮೂಲಕ ಆರಿಸುವ ವಿಧಾನವನ್ನು 1949ರಲ್ಲಿ ಲೆಸ್ಲಿ ಕಿಶ್ ಕೊಟ್ಟರು. ಅದು ಕಷ್ಟ ಅನ್ನಿಸಿದರೆ "ಮುಂದಿನ ಹುಟ್ಟುಹಬ್ಬ ಯಾರದ್ದು" ಅಂತ ಕೇಳಿ, ಅವರನ್ನೇ ಮಾತಾಡಿಸಿ. ಹುಟ್ಟಿದ ದಿನ ಗೊತ್ತಿಲ್ಲದವರು ಇರುವ ಕಡೆ ಚೀಟಿಯೇ ವಾಸಿ. ವಿಷಯ ಹಣ ಮತ್ತು ತೀರ್ಮಾನಗಳದ್ದಾದರೆ ಒಬ್ಬ ಗಂಡಸು, ಒಬ್ಬ ಹೆಂಗಸು, ಇಬ್ಬರನ್ನೂ ಬೇರೆ ಬೇರೆಯಾಗಿ ಕೇಳಿ. ಇಬ್ಬರ ಉತ್ತರ ಹೊಂದದಿದ್ದರೆ ಗಾಬರಿಯಾಗಿ ಯಾರದ್ದು ಸರಿ ಅಂತ ತಿದ್ದಲು ಹೋಗಬೇಡಿ. ಎರಡನ್ನೂ ಇಡಿ. ಆ ಅಂತರವನ್ನೇ ನೀವು ಹುಡುಕಿಕೊಂಡು ಬಂದಿರುವುದು.

ಇಲ್ಲಿ ಎಡವುವುದು ಹೀಗೆ:
- ಹಗಲಲ್ಲಿ ಮಾತ್ರ ಹೋಗುವುದು. ಹೊರಗೆ ದುಡಿಯುವ ಹೆಂಗಸರು ಪೂರ್ತಿ ಬಿಟ್ಟುಹೋಗುತ್ತಾರೆ.
- ಬೀಗ ಹಾಕಿದ ಮನೆಯ ಬದಲು ಪಕ್ಕದ ಮನೆಗೆ ಹೋಗುವುದು. ಬೇರೆ ಹೊತ್ತಲ್ಲಿ, ಬೇರೆ ದಿನ ಮತ್ತೆ ಹೋಗಿ. ಆಗಲೂ ಸಿಗದಿದ್ದರೆ "ಸಿಗಲಿಲ್ಲ" ಅಂತ ಬರೆಯಿರಿ.
- ಸ್ಥಳೀಯ ಮುಖಂಡರು ತೋರಿಸಿದ ಮನೆಗಳಿಗೆ ಹೋಗುವುದು. ಅವರು ತೋರಿಸಬೇಕೆಂದಿರುವುದೇ ನಿಮಗೆ ಕಾಣುತ್ತದೆ.

4. ಪ್ರಶ್ನೆಗಳನ್ನು ಬರೆಯುವುದು

ಇದೇ ಎಲ್ಲಕ್ಕಿಂತ ಮುಖ್ಯ, ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಮನೆಗೆ ಬಂದ ದುಡ್ಡು ಯಾರ ಕೈಗೆ ಬಂದರೂ ಒಂದೇ ಅಂತ ಅರ್ಥಶಾಸ್ತ್ರಜ್ಞರೂ ಬಹಳ ಕಾಲ ಅಂದುಕೊಂಡಿದ್ದರು. ಬ್ರಿಟನ್ನಿನಲ್ಲಿ 1970ರ ದಶಕದ ಕೊನೆಯಲ್ಲಿ ಮಕ್ಕಳ ಹೆಸರಿನ ನೆರವು, ಅಪ್ಪನ ಸಂಬಳದಲ್ಲಿ ತೆರಿಗೆ ಕಡಿತವಾಗಿ ಸಿಗುತ್ತಿದ್ದದ್ದು, ಅಮ್ಮನ ಕೈಗೆ ನೇರವಾಗಿ ಬರುವಂತಾಯಿತು. ಶೆಲ್ಲಿ ಲುಂಡ್‌ಬರ್ಗ್, ರಾಬರ್ಟ್ ಪೊಲಾಕ್, ಟೆರೆನ್ಸ್ ವೇಲ್ಸ್ 1997ರಲ್ಲಿ ಆ ಬದಲಾವಣೆಯ ಆಚೀಚೆಯ ಖರ್ಚಿನ ಲೆಕ್ಕ ನೋಡಿದಾಗ, ಗಂಡಸರ ಬಟ್ಟೆಗೆ ಹೋಲಿಸಿದರೆ ಹೆಂಗಸರ ಮತ್ತು ಮಕ್ಕಳ ಬಟ್ಟೆಯ ಖರ್ಚು ಏರಿತ್ತು. ದಕ್ಷಿಣ ಆಫ್ರಿಕದಲ್ಲಿ ಕಪ್ಪು ಜನರಿಗೂ ಪೂರ್ಣ ಪ್ರಮಾಣದಲ್ಲಿ ವಿಸ್ತರಿಸಿದ ವೃದ್ಧಾಪ್ಯ ಪಿಂಚಣಿಯ ಬಗ್ಗೆ ಎಸ್ತರ್ ಡುಫ್ಲೊ 2003ರಲ್ಲಿ ಪ್ರಕಟಿಸಿದ ಅಧ್ಯಯನವೂ ಇದೇ ಕಡೆ ಬೆರಳು ತೋರಿಸುತ್ತದೆ: ಪಿಂಚಣಿ ಅಜ್ಜಿಯ ಕೈಗೆ ಬಂದ ಮನೆಗಳಲ್ಲಿ ಹೆಣ್ಣುಮಕ್ಕಳ ಬೆಳವಣಿಗೆ ಸುಧಾರಿಸಿತ್ತು, ಅಜ್ಜನ ಕೈಗೆ ಬಂದ ಕಡೆ ಅಂಥದ್ದು ಕಾಣಲಿಲ್ಲ.

ಹಾಗಾದರೆ ಫಾರಂನಲ್ಲಿ ಏನು ಕೇಳಬೇಕು? "ಮನೆಯಲ್ಲಿ ತೀರ್ಮಾನ ಯಾರದ್ದು?" ಅಂತ ಕೇಳಿದರೆ "ಇಬ್ಬರೂ ಸೇರಿ" ಅಂತ ಬರುತ್ತದೆ. ಗಂಡನೂ ಹಾಗೇ ಅನ್ನುತ್ತಾನೆ, ಹೆಂಡತಿಯೂ ಹಾಗೇ ಅನ್ನುತ್ತಾಳೆ, ಅಲ್ಲಿಗೆ ಮಾತು ನಿಂತಿತು. ಅದರ ಬದಲು ನಡೆದುಹೋದ ಒಂದು ಘಟನೆ ಹಿಡಿಯಿರಿ. "ಕೊನೆಯ ಸಲ ಮಗುವಿಗೆ ಹುಷಾರಿಲ್ಲದಾಗ ಡಾಕ್ಟರ ಹತ್ತಿರ ಹೋಗೋಣ ಅಂತ ಮೊದಲು ಹೇಳಿದ್ದು ಯಾರು? ದುಡ್ಡು ಯಾರ ಹತ್ತಿರ ಇತ್ತು? ನೀವು ಒಬ್ಬರೇ ಹೋದಿರಾ? ಹೋಗುವ ಮುಂಚೆ ಯಾರನ್ನಾದರೂ ಕೇಳಬೇಕಾಯಿತಾ?" ನಾಲ್ಕು ಸಣ್ಣ ಪ್ರಶ್ನೆ, ನಾಲ್ಕಕ್ಕೂ ನೆನಪಿನಿಂದ ಉತ್ತರ ಬರುತ್ತದೆ.

ಕೆಲಸದ ಬಗ್ಗೆ ಕೇಳುವಾಗಲೂ ಹೀಗೇ. "ನೀವು ಕೆಲಸ ಮಾಡುತ್ತೀರಾ?" ಅಂದರೆ ಬೆಳಿಗ್ಗೆಯಿಂದ ರಾತ್ರಿವರೆಗೆ ಕೂತಿರದ ಹೆಂಗಸೂ "ಇಲ್ಲ, ಮನೆಯಲ್ಲೇ ಇರ್ತೀನಿ" ಅನ್ನುತ್ತಾರೆ. ನಿನ್ನೆಯ ದಿನವನ್ನು ಎದ್ದ ಹೊತ್ತಿನಿಂದ ಗಂಟೆ ಗಂಟೆಯಾಗಿ ಹೇಳಿಸಿ. ಇದನ್ನು ಸಮಯ ಬಳಕೆ ಸಮೀಕ್ಷೆ ಅನ್ನುತ್ತಾರೆ. ಪ್ರತಿ ಗಂಟೆಗೂ "ಅದೇ ಹೊತ್ತಲ್ಲಿ ಇನ್ನೇನು ಮಾಡುತ್ತಿದ್ದಿರಿ" ಅಂತ ಕೇಳುವುದನ್ನು ಮರೆಯಬೇಡಿ. ಅಡುಗೆ ಮಾಡುತ್ತಾ ಮಗು ನೋಡಿಕೊಂಡದ್ದು, ಬಟ್ಟೆ ಹೊಲಿಯುತ್ತಾ ಹಾಸಿಗೆ ಹಿಡಿದ ಹಿರಿಯರ ಮೇಲೆ ಕಣ್ಣಿಟ್ಟದ್ದು ಈ ಪ್ರಶ್ನೆಯಿಲ್ಲದೆ ಹೊರಗೆ ಬರುವುದೇ ಇಲ್ಲ. ನಿನ್ನೆ ಹಬ್ಬವೋ ರಜೆಯೋ ಆಗಿದ್ದರೆ ಅದನ್ನೂ ಬರೆಯಿರಿ.

ಖರ್ಚಿಗೆ ಅವಧಿ ಹೇಳಿ ಕೇಳಿ. ಊಟತಿಂಡಿಗೆ ಕಳೆದ 7 ದಿನ, ಬಾಡಿಗೆ, ಔಷಧಿಗೆ ಕಳೆದ 30 ದಿನ, ಪಾತ್ರೆ, ಬಟ್ಟೆ, ಶಾಲೆ ಫೀಸಿಗೆ ಒಂದು ವರ್ಷ. ಒಂದು ವರ್ಷದ ತರಕಾರಿ ಲೆಕ್ಕ ಯಾರಿಗೂ ನೆನಪಿರುವುದಿಲ್ಲ. ಒಂದೇ ಪ್ರಶ್ನೆಯಲ್ಲಿ ಎರಡು ಕೇಳಬೇಡಿ: "ನೀರು ಮತ್ತು ಶೌಚಾಲಯ ಸರಿಯಾಗಿದೆಯಾ" ಅಂದರೆ ಉತ್ತರ ಯಾವುದಕ್ಕೆ ಅಂತ ತಿಳಿಯದು. ಉತ್ತರವನ್ನು ಒಳಗಿಟ್ಟು ಕೇಳಬೇಡಿ, "ಮಕ್ಕಳನ್ನು ಶಾಲೆಗೆ ಕಳಿಸುತ್ತೀರಿ ತಾನೇ" ಅಂದರೆ ಇಲ್ಲ ಅನ್ನುವವರು ಯಾರು?

ಬರೆದಾದ ಮೇಲೆ ಹತ್ತು ಮನೆಗಳಲ್ಲಿ ಕೇಳಿ ನೋಡಿ, ನಿಮ್ಮ ಮಾದರಿಯಲ್ಲಿ ಇಲ್ಲದ ಮನೆಗಳಲ್ಲಿ. ಎಲ್ಲಿ ಜನ ತಡವರಿಸುತ್ತಾರೋ ಆ ಪ್ರಶ್ನೆಯನ್ನು ಅವರ ಮಾತಲ್ಲೇ ತಿದ್ದಿ. ಮುಕ್ಕಾಲು ಗಂಟೆ ಮೀರಿದರೆ ಕತ್ತರಿಸಿ. ಇಷ್ಟಪಟ್ಟು ಬರೆದ ಪ್ರಶ್ನೆ ಕಿತ್ತುಹಾಕುವುದು ಕಷ್ಟ, ಆದರೆ ಕೆಲಸ ಬಿಟ್ಟು ಕೂತಿರುವುದು ಅವರು.

5. ಯಾರಿಗೂ ಹಾನಿಯಾಗಬಾರದು

ಯಾರು ನೀವು, ಯಾಕೆ ಕೇಳುತ್ತಿದ್ದೀರಿ, ಉತ್ತರ ಏನಾಗುತ್ತದೆ, ಬೇಡವೆಂದರೆ ಯಾವಾಗ ಬೇಕಾದರೂ ನಿಲ್ಲಿಸಬಹುದು: ಇಷ್ಟನ್ನು ಹೇಳಿ ಒಪ್ಪಿಗೆ ಪಡೆಯಿರಿ. ಗಂಡನ ಒಪ್ಪಿಗೆ ಹೆಂಡತಿಯ ಒಪ್ಪಿಗೆಯಲ್ಲ. ಮನೆ ಸಿಗುತ್ತದೆ, ಸಾಲ ಸಿಗುತ್ತದೆ, ಯೋಜನೆಯಲ್ಲಿ ಹೆಸರು ಬರುತ್ತದೆ ಅನ್ನುವ ಆಸೆ ಹುಟ್ಟಿಸುವ ಮಾತು ಬಾಯಲ್ಲಿ ಬರಬಾರದು. ಬಡವರ ಮನೆಗೆ ಫಾರಂ ಹಿಡಿದು ಬಂದವರೆಲ್ಲ ಏನೋ ಕೊಡುವವರು ಅಂತಲೇ ಅವರಿಗೆ ಅನ್ನಿಸುತ್ತದೆ, ಹಾಗಾಗಿ ನೀವಾಗಿಯೇ ಬಿಡಿಸಿ ಹೇಳಬೇಕು.

ಹೆಸರು, ವಿಳಾಸ ಒಂದು ಹಾಳೆಯಲ್ಲಿ, ಉತ್ತರ ಇನ್ನೊಂದರಲ್ಲಿ. ಎರಡಕ್ಕೂ ನಡುವೆ ಒಂದು ಸಂಖ್ಯೆ ಮಾತ್ರ. ಎರಡನ್ನೂ ಒಂದೇ ಚೀಲದಲ್ಲಿ ಹಾಕಿಕೊಂಡು ಓಡಾಡಬೇಡಿ. ಫೋಟೋ ತೆಗೆದು ಗುಂಪುಗಳಿಗೆ ಹಾಕುವುದಂತೂ ಬೇಡವೇ ಬೇಡ.

ಮನೆಯೊಳಗಿನ ಹಿಂಸೆಯ ಬಗ್ಗೆ ಕೇಳಬೇಕು ಅಂತ ತುಂಬ ಜನ ಬರೆಯುತ್ತಾರೆ. ತರಬೇತಿ ಇಲ್ಲದೆ, ನೆರವಿನ ವ್ಯವಸ್ಥೆ ಜೊತೆಗಿಲ್ಲದೆ ಕೇಳಬೇಡಿ. ವಿಶ್ವ ಆರೋಗ್ಯ ಸಂಸ್ಥೆ 2001ರಲ್ಲಿ ಇದಕ್ಕೆಂದೇ ಸುರಕ್ಷತಾ ನಿಯಮಗಳನ್ನು ಹೊರತಂದಿದೆ: ಉತ್ತರಿಸುವವರ ಸುರಕ್ಷತೆಯೇ ಮೊದಲು, ಗೋಪ್ಯತೆ ಖಚಿತವಾಗಿರಬೇಕು, ಕೇಳುವವರಿಗೆ ತರಬೇತಿ ಇರಬೇಕು, ಬೇಕಾದವರಿಗೆ ಸಹಾಯದ ದಾರಿ ತೋರಿಸಬೇಕು. ನೀವು ಎದ್ದು ಬಂದ ಮೇಲೆ ಆಕೆ ಅದೇ ಮನೆಯಲ್ಲಿ ಇರಬೇಕು. ನಿಮ್ಮ ಒಂದು ಪ್ರಶ್ನೆಗೆ ಆಕೆ ಏಟು ತಿನ್ನುವ ಹಾಗಾದರೆ ಆ ಮಾಹಿತಿ ಯಾರಿಗೆ ಬೇಕು? ನೀವು ಕೇಳದಿದ್ದರೂ ಆಕೆಯೇ ಹೇಳಿಕೊಂಡರೆ ಕೇಳಿಸಿಕೊಳ್ಳಿ, ಸಹಾಯ ಎಲ್ಲಿ ಸಿಗುತ್ತದೆ ಅಂತ ತಿಳಿಸುವಷ್ಟು ತಯಾರಿ ಮೊದಲೇ ಮಾಡಿಕೊಂಡಿರಿ.

6. ಮನೆ ಬಾಗಿಲಲ್ಲಿ

ಹೆಂಗಸರನ್ನು ಹೆಂಗಸರೇ ಮಾತಾಡಿಸಲಿ. ಒಬ್ಬರು ಪ್ರಶ್ನೆ ಕೇಳುವಾಗ ಇನ್ನೊಬ್ಬರು ಮನೆಯ ಉಳಿದವರ ಜೊತೆ ಬೇರೆ ಮಾತಾಡುತ್ತಾ ಕೂರುವುದು ಒಳ್ಳೆಯ ಉಪಾಯ. ಆದರೂ ಅತ್ತೆಯೋ ಗಂಡನೋ ಬಂದು ಕೂತರೆ ನೀರು, ಶಾಲೆ, ದಾರಿ ದೀಪದ ಪ್ರಶ್ನೆಗೆ ಹೊರಳಿ. ಇದಕ್ಕೆಂದೇ ಅಂಥ ನಾಲ್ಕೈದು ಪ್ರಶ್ನೆಗಳನ್ನು ಕೊನೆಯ ಹಾಳೆಯಲ್ಲಿ ಬರೆದಿಟ್ಟುಕೊಳ್ಳಿ. ಯಾರು ಪಕ್ಕದಲ್ಲಿದ್ದರು ಅನ್ನುವುದಕ್ಕೆ ಫಾರಂನಲ್ಲೇ ಒಂದು ಜಾಗ ಇರಲಿ. ಒಂಟಿಯಾಗಿ ಕೊಟ್ಟ ಉತ್ತರ, ಬೇರೆಯವರ ಎದುರು ಕೊಟ್ಟ ಉತ್ತರ, ಎರಡನ್ನೂ ಹೋಲಿಸಲು ಆಮೇಲೆ ಅದೊಂದೇ ದಾರಿ.

ಫಾರಂಗಳನ್ನು ಅದೇ ದಿನ ಸಂಜೆ ಪರೀಕ್ಷಿಸಿ. ನಾಳೆಗೆ ಬಿಟ್ಟರೆ ಬಿಟ್ಟುಹೋದದ್ದು ನೆನಪಾಗುವುದಿಲ್ಲ. ಬೇಡ ಅಂದವರ ಲೆಕ್ಕವನ್ನೂ ಇಡಿ.

7. ಬಡಾವಣೆಯ ಮೇಲೆ ಭಾರ ಹೊರಿಸುವ ಮುನ್ನ

"ಈ ಬಡಾವಣೆಯಲ್ಲಿ ಬೆಳೆದದ್ದಕ್ಕೇ ಮಕ್ಕಳು ಹೀಗೆ" ಅಂತ ಬರೆಯಲು ಕೈ ತುಡಿಯುತ್ತದೆ. ತಡೆಯಿರಿ. ಇಲ್ಲಿ ಎರಡು ಗುಂಡಿಗಳಿವೆ.

ಮೊದಲನೆಯದು, ಪ್ರದೇಶದ ಅಂಕಿ ನೋಡಿ ವ್ಯಕ್ತಿಯ ಬಗ್ಗೆ ಹೇಳುವುದು. ಡಬ್ಲ್ಯು. ಎಸ್. ರಾಬಿನ್ಸನ್ 1950ರಲ್ಲಿ ಇದನ್ನು ಸ್ಪಷ್ಟವಾಗಿ ತೋರಿಸಿದರು. ಅಮೆರಿಕದ 1930ರ ಜನಗಣತಿಯಲ್ಲಿ ರಾಜ್ಯಗಳನ್ನು ಹೋಲಿಸಿದರೆ, ಹೊರದೇಶದಲ್ಲಿ ಹುಟ್ಟಿದವರು ಜಾಸ್ತಿ ಇರುವ ಕಡೆ ಅನಕ್ಷರತೆ ಕಡಿಮೆ. ವ್ಯಕ್ತಿಗಳನ್ನು ನೋಡಿದರೆ ತದ್ವಿರುದ್ಧ, ಹೊರದೇಶದವರಲ್ಲೇ ಅನಕ್ಷರತೆ ಜಾಸ್ತಿ. ಅವರು ಬಂದು ನೆಲೆಸಿದ್ದು ಓದುಬರಹ ಚೆನ್ನಾಗಿದ್ದ ರಾಜ್ಯಗಳಲ್ಲಿ, ಅಷ್ಟೇ. ಹಾಗಾಗಿ ಬಡಾವಣೆಯ ಸರಾಸರಿ ಹಿಡಿದು ಅಲ್ಲಿನ ಒಬ್ಬ ತಾಯಿಯ ಬಗ್ಗೆ ತೀರ್ಪು ಕೊಡಬೇಡಿ.

ಎರಡನೆಯದು, ಜನ ಎಲ್ಲೆಲ್ಲಿ ವಾಸಿಸುತ್ತಾರೋ ಅಲ್ಲಿ ಲಾಟರಿಯಿಂದ ಬಂದು ಬಿದ್ದವರಲ್ಲ. ಬಾಡಿಗೆ ಕಟ್ಟಲಾಗದವರು ಬಡ ಬಡಾವಣೆಗೆ ಬರುತ್ತಾರೆ, ಹಾಗಿದ್ದಾಗ ಕಷ್ಟ ತಂದದ್ದು ಬಡಾವಣೆಯೋ ಅದಕ್ಕಿಂತ ಮೊದಲಿನ ಬಡತನವೋ? ಇದನ್ನು ಬಿಡಿಸಲು ಅಮೆರಿಕದಲ್ಲಿ ನಿಜವಾಗಿಯೂ ಲಾಟರಿ ಎತ್ತಿದರು. 1994ರಲ್ಲಿ ಶುರುವಾದ ಆ ಪ್ರಯೋಗದಲ್ಲಿ ಬಾಲ್ಟಿಮೋರ್, ಬಾಸ್ಟನ್, ಶಿಕಾಗೊ, ಲಾಸ್ ಏಂಜಲೀಸ್, ನ್ಯೂಯಾರ್ಕ್ ನಗರಗಳ ಸುಮಾರು 4,600 ಬಡ ಕುಟುಂಬಗಳಿದ್ದವು. ಕೆಲವರಿಗೆ ಬಡತನ ಕಡಿಮೆ ಇರುವ ಕಡೆ ಹೋಗಲು ಬಾಡಿಗೆ ನೆರವು ಸಿಕ್ಕಿತು, ಕೆಲವರಿಗೆ ಸಿಗಲಿಲ್ಲ. ವರ್ಷಗಳ ನಂತರ ನೋಡಿದರೆ ದೊಡ್ಡವರ ಸಂಪಾದನೆ ಏರಿರಲಿಲ್ಲ, ಮಾನಸಿಕ ಆರೋಗ್ಯ ಸುಧಾರಿಸಿತ್ತು. ಮಕ್ಕಳ ಫಲಿತಾಂಶ ತಿಳಿಯಲು ಅವರು ಬೆಳೆದು ದುಡಿಯುವವರೆಗೆ ಕಾಯಬೇಕಾಯಿತು. ರಾಜ್ ಚೆಟ್ಟಿ, ನಥಾನಿಯಲ್ ಹೆಂಡ್ರೆನ್, ಲಾರೆನ್ಸ್ ಕಾಟ್ಜ್ 2016ರಲ್ಲಿ ಪ್ರಕಟಿಸಿದ ವಿಶ್ಲೇಷಣೆಯ ಪ್ರಕಾರ 13 ವರ್ಷಕ್ಕೆ ಮುಂಚೆ ಸ್ಥಳ ಬದಲಿಸಿದ ಮಕ್ಕಳು ಇಪ್ಪತ್ತರ ಹರೆಯದ ನಡುಭಾಗದಲ್ಲಿ ಸುಮಾರು ಶೇ. 31 ಜಾಸ್ತಿ ಸಂಪಾದಿಸುತ್ತಿದ್ದರು. ಅದಕ್ಕಿಂತ ದೊಡ್ಡ ವಯಸ್ಸಲ್ಲಿ ಹೋದವರಿಗೆ ಅಂಥ ಲಾಭ ಕಾಣಲಿಲ್ಲ. ನೋಡಿ, ಒಂದೇ ಮನೆ, ಒಂದೇ ದಿನ ಸ್ಥಳ ಬದಲು, ಆದರೆ ಅಮ್ಮನಿಗೆ ಒಂದು ಫಲ, ಚಿಕ್ಕ ತಂಗಿಗೆ ಇನ್ನೊಂದು, ದೊಡ್ಡ ಅಣ್ಣನಿಗೆ ಮತ್ತೊಂದು. ಮನೆಯನ್ನು ಒಂದೇ ಘಟಕವಾಗಿ ಎಣಿಸಿದ್ದರೆ ಇದು ಕಾಣುತ್ತಲೇ ಇರಲಿಲ್ಲ.

ನಿಮ್ಮ ಅಧ್ಯಯನದಲ್ಲಿ ಲಾಟರಿ ಇಲ್ಲ. ಆದ್ದರಿಂದ "ಬಡಾವಣೆಯಿಂದಾಗಿ" ಅನ್ನುವ ಬದಲು "ಈ ಬಡಾವಣೆಯಲ್ಲಿ" ಅಂತ ಬರೆಯಿರಿ. ಇಲ್ಲಿಗೆ ಬಂದು ಎಷ್ಟು ವರ್ಷ, ಯಾಕೆ ಬಂದಿರಿ ಅಂತಲೂ ಕೇಳಿ. ನೆರೆಹೊರೆಯ ಒಗ್ಗಟ್ಟು ಅಳೆಯಬೇಕಿದ್ದರೆ ರಾಬರ್ಟ್ ಸ್ಯಾಂಪ್ಸನ್ ಮತ್ತು ಜೊತೆಗಾರರು ಶಿಕಾಗೊದಲ್ಲಿ 8,782 ನಿವಾಸಿಗಳನ್ನು ಕೇಳಿ 1997ರಲ್ಲಿ ಪ್ರಕಟಿಸಿದ ಅಧ್ಯಯನದ ದಾರಿ ಹಿಡಿಯಬಹುದು. "ಇಲ್ಲಿ ಒಗ್ಗಟ್ಟಿದೆಯಾ" ಅಂತ ಮಾತ್ರ ಕೇಳಿ ಅವರು ಬಿಡಲಿಲ್ಲ, ಮಕ್ಕಳು ಶಾಲೆ ತಪ್ಪಿಸಿ ಬೀದಿ ಮೂಲೆಯಲ್ಲಿ ನಿಂತಿದ್ದರೆ ನೆರೆಯವರು ಏನಾದರೂ ಮಾಡುತ್ತಾರಾ ಎಂಬಂಥ ಪ್ರಶ್ನೆಗಳನ್ನು ಕೇಳಿದರು.

8. ಲೆಕ್ಕ ಹಾಕುವುದು

ಸರಾಸರಿಗಿಂತ ಮಧ್ಯಾಂಕ ನಂಬಿ. ಎಲ್ಲ ಆದಾಯಗಳನ್ನು ಸಾಲಾಗಿ ಜೋಡಿಸಿದಾಗ ಸರಿಯಾಗಿ ನಡುವೆ ಬರುವುದೇ ಮಧ್ಯಾಂಕ. ಇಬ್ಬರು ಸಿರಿವಂತರು ಸೇರಿದರೆ ಸರಾಸರಿ ಜಿಗಿಯುತ್ತದೆ, ಇದು ಜಿಗಿಯುವುದಿಲ್ಲ.

"ಮಹಿಳೆಯೇ ಮುಖ್ಯಸ್ಥೆಯಾಗಿರುವ ಮನೆಗಳು" ಅಂತ ಒಂದೇ ಸಾಲು ಹಾಕಬೇಡಿ. ಗಂಡ ತೀರಿಕೊಂಡ ಹೆಂಗಸು, ಗಂಡ ಬಿಟ್ಟುಹೋದವಳು, ಗಂಡ ದೂರದಿಂದ ತಿಂಗಳು ತಿಂಗಳೂ ದುಡ್ಡು ಕಳಿಸುವವಳು, ಮೂವರನ್ನೂ ಒಂದೇ ಬುಟ್ಟಿಗೆ ಹಾಕಿದರೆ ಸಿಗುವ ಸಂಖ್ಯೆ ಮೂವರಲ್ಲಿ ಯಾರದ್ದೂ ಅಲ್ಲ. ಬಡ ಹೆಂಗಸರನ್ನು ಈ ಮನೆಗಳಲ್ಲಿ ಮಾತ್ರ ಹುಡುಕುವುದೂ ತಪ್ಪು, ಗಂಡ ಇರುವ ಮನೆಯೊಳಗಿನ ಬಡತನ ಅಲ್ಲಿಗೆ ಮರೆಯಾಗುತ್ತದೆ.

ಕೋಷ್ಟಕದ ಒಂದು ಕೋಣೆಯಲ್ಲಿ ಮೂರೋ ನಾಲ್ಕೋ ಮನೆಗಳಿದ್ದರೆ ಶೇಕಡಾ ಬರೆಯಬೇಡಿ. ಅದರಲ್ಲಿ ಅರ್ಥವಿಲ್ಲ, ಮೇಲಾಗಿ ಅವರು ಯಾರು ಅಂತ ಬಡಾವಣೆಯವರಿಗೆ ಗೊತ್ತಾಗಿಬಿಡುತ್ತದೆ.

9. ಬರೆದು ಮುಗಿಸುವ ಮುನ್ನ ವಾಪಸ್ ಹೋಗಿ

ಕರಡು ತಯಾರಾದ ಮೇಲೆ ಬಡಾವಣೆಗೆ ಹೋಗಿ ಮುಖ್ಯ ಅಂಶಗಳನ್ನು ಓದಿ ಹೇಳಿ. ಹೆಂಗಸರ ಜೊತೆ ಒಂದು ಬೈಠಕ್ ಬೇರೆಯಾಗಿಯೇ ಇರಲಿ, ಅವರಿಗೆ ಬಿಡುವಿರುವ ಹೊತ್ತಲ್ಲಿ. ಯಾವ ಒಂದು ಮನೆಯ ಗುರುತೂ ಸಿಗದಂತೆ ಒಟ್ಟು ಸಂಖ್ಯೆಗಳನ್ನು ಮಾತ್ರ ಹೇಳಬೇಕು. "ಇದು ಹೀಗಲ್ಲ" ಅಂತ ಅವರು ಅಂದರೆ ನಿಮ್ಮ ಲೆಕ್ಕ ಮತ್ತೆ ನೋಡಿ, ಆಗಲೂ ಹೊಂದದಿದ್ದರೆ ಅವರ ಮಾತನ್ನೂ ವರದಿಯಲ್ಲಿ ಬರೆಯಿರಿ. ಎಷ್ಟು ಮನೆ ಸಿಗಲಿಲ್ಲ, ಎಷ್ಟು ಜನ ಬೇಡವೆಂದರು, ಎಷ್ಟು ಸಂದರ್ಶನಗಳಲ್ಲಿ ಪಕ್ಕದಲ್ಲಿ ಯಾರೋ ಕೂತಿದ್ದರು, ಈ ಮೂರು ಸಂಖ್ಯೆ ಮೊದಲ ಪುಟಗಳಲ್ಲೇ ಬರಬೇಕು.

ಹೆಸರು ಮತ್ತು ಸಂಖ್ಯೆ ಜೋಡಿಸುವ ಆ ಹಾಳೆ ನೆನಪಿದೆಯಲ್ಲ? ಅದನ್ನು ಯಾವ ದಿನಾಂಕಕ್ಕೆ ನಾಶ ಮಾಡುತ್ತೀರಿ ಅಂತ ಈಗಲೇ ತೀರ್ಮಾನಿಸಿ, ಒಪ್ಪಿಗೆ ಪತ್ರದಲ್ಲೂ ಆ ದಿನಾಂಕ ಬರೆಯಿರಿ. ಫೋನಿನಲ್ಲಿ ತೆಗೆದ ಪ್ರತಿಗಳು, ಜೊತೆಗಾರರಿಗೆ ಕಳಿಸಿದ ಫೈಲುಗಳು, ಎಲ್ಲವೂ ಅದೇ ದಿನ ಅಳಿಸಬೇಕು.